ಕುರಿ ಸಾಲದ ಕಂತು ಬದಲಿಸಿದ ಮೇಲೆ: ನನ್ನ ಅನುಭವ

ಯೋಜನೆ ಮುಗಿದು ಸಿಬ್ಬಂದಿ ಹೊರಟ ಮೇಲೆ ಎರಡೇ ವರ್ಷದಲ್ಲಿ ನಿಧಿ ಕರಗುತ್ತದೆ ಎಂದು ಕುರಿ ಸಾಕಲು ಸಾಲ ಕೊಡುವ, ಕುಷ್ಟಗಿ ತಾಲ್ಲೂಕಿನ ಮಹಿಳಾ ಸಂಘಗಳ ನಮ್ಮ ಒಕ್ಕೂಟದ ಬಗ್ಗೆ ಭವಿಷ್ಯ ನುಡಿದವರು ಕಡಿಮೆಯಿಲ್ಲ. ಐದಾರು ವರ್ಷಗಳಾದವು, ಸುಮಾರು ಒಂಬತ್ತು ಲಕ್ಷವಿದ್ದ ಸುತ್ತುನಿಧಿ (ಸಾಲವಾಗಿ ಹೋಗಿ, ವಸೂಲಾಗಿ, ಮತ್ತೆ ಸಾಲವಾಗುವ ಹಣ) ಈಗ ಹನ್ನೆರಡರ ಹತ್ತಿರವಿದೆ. 2002ರ ಕೆರೆ ಅಭಿವೃದ್ಧಿ ಯೋಜನೆಯಿಂದ ಇಂದಿನ ಗ್ರಾಮೀಣ ಜೀವನೋಪಾಯ ಯೋಜನೆಯಾದ ಸಂಜೀವಿನಿಯವರೆಗೆ ವಿಶ್ವಬ್ಯಾಂಕಿನ ಸಾಲದ ಹಣ ಬಂದುಹೋಗುವುದನ್ನು ಕಂಡ ನಮ್ಮ ಭಾಗದವರಿಗೆ ಇದು ಸಣ್ಣ ಮಾತಲ್ಲವೆಂದು ಗೊತ್ತಾಗುತ್ತದೆ.

ಮೊದಲು ಕುರಿ ತಂದ ಮರುತಿಂಗಳೇ ಕಂತು ಶುರುವಾಗುತ್ತಿತ್ತು. ಗಬ್ಬವಾದ ಕುರಿ ಈಯಲು ಐದು ತಿಂಗಳು, ಮರಿ ಸಂತೆಗೆ ಬರಲು ಮತ್ತೆ ಐದಾರು ತಿಂಗಳು ಬೇಕು. ಅಲ್ಲಿಯವರೆಗಿನ ಕಂತನ್ನು ಮಹಿಳೆಯರು ಖಾಸಗಿ ಫೈನಾನ್ಸಿನಿಂದ ತಂದು ಕಟ್ಟುತ್ತಿದ್ದರು. ಹೀಗಾಗಿ ನಮ್ಮ ಲೆಕ್ಕದ ಪುಸ್ತಕದಲ್ಲಿ ವಸೂಲಿ ನೂರಕ್ಕೆ ತೊಂಬತ್ತೈದನ್ನು ದಾಟಿತ್ತು, ಅದೇ ಹೊತ್ತಿಗೆ ಮನೆಯ ಸಾಲ ಇಮ್ಮಡಿಯಾಗುತ್ತಿತ್ತು. ಯೋಜನೆಯ ಮುಕ್ತಾಯ ವರದಿಗೆ ಕಂಡದ್ದು ಮೊದಲನೆಯದು ಮಾತ್ರ.

ನಾವು ತಿಂಗಳಿಗೆ ಬಡ್ಡಿಯನ್ನಷ್ಟೇ ಉಳಿಸಿಕೊಂಡು, ಅಸಲನ್ನು ಎರಡು ಕಂತಿಗೆ ಇಳಿಸಿದೆವು: ಬಕ್ರೀದಿಗೆ ಟಗರು ಮಾರಿದಾಗ ಒಂದು, ಕಡಲೆ ರಾಶಿಯಾದಾಗ ಇನ್ನೊಂದು. ಅಸಲು ತಿಂಗಳು ತಿಂಗಳು ಬರದಿದ್ದರೆ ಅದು ಸಾಲವಲ್ಲ, ದಾನ ಎಂದು ಬ್ಯಾಂಕಿನವರೊಬ್ಬರು ನಕ್ಕರು. ಮೊದಲ ವರ್ಷ ಅವರ ಮಾತೇ ನಿಜವಾಗುವಂತಿತ್ತು. ಮಳೆಗಾಲದ ಕೊನೆಗೆ ನೀಲಿ ನಾಲಿಗೆ ರೋಗ ಬಂದು ನಲವತ್ತರಷ್ಟು ಕುರಿ ಸತ್ತವು, ಎರಡೂವರೆ ಲಕ್ಷದಷ್ಟು ಹಣ ಸಿಕ್ಕಿಬಿದ್ದಿತು. ವಿಮೆಯ ಗುರುತಿಗೆ ಹಾಕುವ ಕಿವಿಯ ಓಲೆ ಕಿತ್ತುಹೋಗಿದ್ದ ಕುರಿಗಳಿಗೆ ವಿಮೆ ಬರಲಿಲ್ಲ. ಒಬ್ಬ ಸದಸ್ಯೆ ಮಾತ್ರ ಸತ್ತ ಕುರಿಯ ಕಿವಿಯನ್ನು ಓಲೆಯ ಸಮೇತ ಕೊಯ್ದು, ಉಪ್ಪು ಸವರಿ, ಸಕ್ಕರೆಯ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮರಣೋತ್ತರ ಪರೀಕ್ಷೆಯ ಚೀಟಿಯ ಜೊತೆ ಸಭೆಗೆ ತಂದರು. ಅವರ ಹಣ ಬಂತು.

ಆಮೇಲೆ ನಾವು ಹೊರಗಿನ ತರಬೇತುದಾರರನ್ನು ಕರೆಯುವುದನ್ನೇ ನಿಲ್ಲಿಸಿದೆವು. ಆ ಸದಸ್ಯೆಯೇ ಊರೂರಿಗೆ ಹೋಗಿ ಹೇಳುತ್ತಾರೆ. ಕುರಿ ಕಳೆದುಕೊಂಡವರೂ ತಮ್ಮ ಲೆಕ್ಕವನ್ನು ಪಕ್ಕದ ಊರಿನ ಸಂಘದ ಮುಂದಿಡುತ್ತಾರೆ. ಹೇಳಿದವರಿಗೆ ಮುನ್ನೂರು ರೂಪಾಯಿ ಮತ್ತು ಬಸ್ ಚಾರ್ಜು. ಸೋತವರಿಗೆ ದುಡ್ಡು ಕೊಡುವುದೇಕೆ ಎಂದು ಆಕ್ಷೇಪವೆದ್ದಿತ್ತು. ಮರುವರ್ಷ ಮಳೆಗೆ ಮುಂಚೆ ಲಸಿಕೆ ಹಾಕಿಸಿದವರ ಸಂಖ್ಯೆ ಕಂಡು ಅದು ಅಡಗಿತು. ಯಾರಿಗೆ ಮೊದಲು ಸಾಲ ಕೊಡುತ್ತೇವೆ ಎಂಬುದಕ್ಕೆ ನಮ್ಮದೊಂದು ಪರೀಕ್ಷೆಯಿದೆ. ಅದನ್ನು ಬರೆದರೆ ಅದು ಕೆಲಸ ಮಾಡುವುದಿಲ್ಲ.

ನಡುವೆ ಮೇವಿಗೆಂದು ನೀರಿನಲ್ಲಿ ಬೆಳೆಸುವ ಅಜೋಲಾದ ತೊಟ್ಟಿಯನ್ನೂ ಮಾಡಿ ನೋಡಿದೆವು. ಬೇಸಿಗೆಯಲ್ಲಿ ಕುಡಿಯಲೇ ನೀರಿಲ್ಲದ ಊರಿನಲ್ಲಿ ಅದು ಏಪ್ರಿಲ್ ದಾಟಲಿಲ್ಲ. ಗಂಗಾವತಿಯ ಖಾನಾವಳಿಗಳಿಗೆ ಕಟಕ್ ರೊಟ್ಟಿ ಕಳಿಸಿದಾಗ ಕಟ್ಟಿಗೆ, ಬಾಡಿಗೆ ಕಳೆದು ರೊಟ್ಟಿಗೆ ಅರ್ಧ ರೂಪಾಯಿ ಉಳಿಯಿತು, ಕೂಲಿಯೇ ಮೇಲೆನಿಸಿತು. ಆದರೆ ಹೊರಗಿನ ತಳಿ ಬಿಟ್ಟು ನಮ್ಮ ಕೆಂಗುರಿಯನ್ನೇ ತರಬೇಕೆಂದು ಹಟ ಹಿಡಿದದ್ದು ಫಲ ಕೊಟ್ಟಿದೆ. ಸಾವು ಅರ್ಧಕ್ಕಿಂತ ಕೆಳಗಿಳಿಯಿತು.

ಸಂಘಗಳ ಲೆಕ್ಕದ ಪುಸ್ತಕ ಬರೆಯುವವರ ಗೌರವಧನ ಈಗ ಒಕ್ಕೂಟದ ಬಡ್ಡಿಯಿಂದಲೇ ಹೋಗುತ್ತದೆ. ಬಕ್ರೀದ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಮುಂಚೆ ಬರುವುದರಿಂದ ಕಂತಿನ ತಿಂಗಳನ್ನೂ ಸರಿಸುತ್ತ ಬಂದಿದ್ದೇವೆ. 2033ರ ಹೊತ್ತಿಗೆ ಅದು ಮಾರ್ಚ್ ತಿಂಗಳಿಗೆ ಬಂದು ಕಡಲೆ ರಾಶಿಯ ಬೆನ್ನಿಗೇ ನಿಲ್ಲುತ್ತದೆ. ಆಗ ಎರಡನೆಯ ಕಂತನ್ನು ದಸರೆಗೆ ಒಯ್ಯಬೇಕೆಂಬುದು ನನ್ನ ಲೆಕ್ಕ, ಒಕ್ಕೂಟದ ಅಧ್ಯಕ್ಷೆ ಇನ್ನೂ ಒಪ್ಪಿಲ್ಲ.