ಸ್ಲೆಡ್‌ನ ಬಿಸಿ ಗ್ರಿಪ್ ಬದಲಿಸುವ ಮುಂಚೆ ವೈರ್ ಮುಟ್ಟಿ ನೋಡಿ

ಅಮೆರಿಕದ ಮಿನ್ನೆಸೋಟದ ಡುಲೂತ್ ಕಡೆ ಜನವರಿಯಲ್ಲಿ ಮೈನಸ್ 25 ಡಿಗ್ರಿ ಅಂದರೆ ಯಾರೂ ಆಶ್ಚರ್ಯಪಡುವುದಿಲ್ಲ. ಆ ಚಳಿಯಲ್ಲಿ ಸ್ನೋಮೊಬೈಲ್ (ಹಿಮದ ಮೇಲೆ ಓಡುವ, ಬೈಕಿನಂಥ ಹ್ಯಾಂಡಲ್ ಇರುವ ಗಾಡಿ) ಓಡಿಸುವಾಗ, ಒಳಗಿನ ಹೀಟರಿನಿಂದ ಬಿಸಿಯಾಗಬೇಕಾದ ಎಡಗೈ ಗ್ರಿಪ್ ತಣ್ಣಗಾದರೆ ಮೊದಲು ಬೆರಳ ತುದಿ ಜುಮ್ ಅನ್ನುತ್ತದೆ, ಆಮೇಲೆ ನೋಯುತ್ತದೆ, ಆಮೇಲೆ ನೋವೂ ಗೊತ್ತಾಗುವುದಿಲ್ಲ. ಆ ನೋವಿಲ್ಲದ ಹೊತ್ತೇ ಹೆದರಬೇಕಾದ ಹೊತ್ತು, ಯಾಕೆಂದರೆ ಬ್ರೇಕ್ ಇರುವುದು ಅದೇ ಎಡಗೈಯಲ್ಲಿ. ಇಲ್ಲಿಂದ ಗ್ರಾಂಡ್ ಮರೇ ಊರಿನವರೆಗೆ ಕಾಡಿನೊಳಗೆ 146 ಮೈಲಿ ಹೋಗುವ ನಾರ್ತ್ ಶೋರ್ ಟ್ರೇಲ್‌ನಲ್ಲಿ ಕೈ ಕಾಯಿಸಿಕೊಳ್ಳೋಕೆ ಒಂದು ಅಂಗಡಿ ಸಿಗಬೇಕಾದರೂ ಬಹಳ ದೂರ ಹೋಗಬೇಕು. ಹಾಗಾಗಿ ಬಿಸಿ ಗ್ರಿಪ್ಪನ್ನು ಶೋಕಿ ಸಾಮಾನು ಅಂದುಕೊಳ್ಳಬೇಡಿ.

ಸ್ನೋಮೊಬೈಲನ್ನು ಸ್ಲೆಡ್ ಅಂತಲೇ ಇಲ್ಲಿ ಎಲ್ಲರೂ ಕರೆಯುವುದು, ನಾನೂ ಹಾಗೇ ಬರೆಯುತ್ತೇನೆ.

ಗ್ರಿಪ್ ತಣ್ಣಗಾದ ತಕ್ಷಣ ಹೊಸದು ಆರ್ಡರ್ ಮಾಡಬೇಡಿ. ಎರಡೂ ಕಡೆ ಒಟ್ಟಿಗೆ ತಣ್ಣಗಾಗಿದ್ದರೆ ತಪ್ಪು ಗ್ರಿಪ್‌ನಲ್ಲಿ ಇರುವುದು ಕಡಿಮೆ. ಫ್ಯೂಸ್ ಇದ್ದರೆ ಫ್ಯೂಸ್ ನೋಡಿ, ಸ್ವಿಚ್ ನೋಡಿ, ಅರ್ಥ್ ವೈರ್ ತುಕ್ಕು ಹಿಡಿದಿದೆಯಾ ನೋಡಿ. ಒಂದೇ ಕಡೆ ತಣ್ಣಗಾಗಿದ್ದರೆ ಆ ಕಡೆಯ ಹೀಟರ್ ಅಥವಾ ಅದಕ್ಕೆ ಹೋಗುವ ವೈರ್. ಸ್ವಿಚ್ ಲೋ ಇಟ್ಟರೆ ಬಿಸಿಯಾಗಿ ಹೈ ಇಟ್ಟರೆ ಮಾತ್ರ ಆಗುತ್ತಿಲ್ಲ ಅಂದರೆ ಮೊದಲು ಸ್ವಿಚ್ ಮೇಲೆ ಅನುಮಾನ ಪಡಿ. ಇನ್ನೊಂದು ವಿಷಯ, ಬ್ಯಾಟರಿ ಇಲ್ಲದೆ ಹಗ್ಗ ಎಳೆದು ಸ್ಟಾರ್ಟ್ ಮಾಡುವ ಹಳೇ ಸ್ಲೆಡ್‌ಗಳಲ್ಲಿ ಇಂಜಿನ್ ಓಡುತ್ತಿದ್ದರೆ ಮಾತ್ರ ಗ್ರಿಪ್ ಬಿಸಿಯಾಗುತ್ತದೆ. ಇಂಜಿನ್ ಆಫ್ ಇಟ್ಟುಕೊಂಡು ಮುಟ್ಟಿ ನೋಡಿ ಗ್ರಿಪ್ ಹೋಯಿತು ಅಂದುಕೊಂಡರೆ ಸುಮ್ನೆ ದುಡ್ಡು ದಂಡ.

ಹೀಟರ್ ಪರೀಕ್ಷಿಸೋಕೆ ಒಂದು ಸಾಧಾರಣ ಮಲ್ಟಿಮೀಟರ್ (ಕರೆಂಟ್ ಅಳೆಯುವ ಮೀಟರ್) ಸಾಕು. ಗ್ರಿಪ್‌ನ ಕನೆಕ್ಟರ್ ಬಿಚ್ಚಿ, ಹೀಟರ್ ಕಡೆಯ ಎರಡು ವೈರ್ ನಡುವೆ ಓಮ್ಸ್ (ರೆಸಿಸ್ಟೆನ್ಸ್) ಅಳೆಯಿರಿ. ನಿಮ್ಮ ಸ್ಲೆಡ್‌ಗೆ ಎಷ್ಟು ಬರಬೇಕು ಅನ್ನುವುದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಆದರೆ ಅದಕ್ಕಿಂತ ಸುಲಭ, ಚೆನ್ನಾಗಿ ಬಿಸಿಯಾಗುವ ಇನ್ನೊಂದು ಗ್ರಿಪ್ಪನ್ನೂ ಅಳೆದು ಎರಡನ್ನೂ ಹೋಲಿಸಿ. ಮೀಟರ್ ಅಳತೆ ತೋರಿಸದೆ OL ಅಥವಾ ಬರೀ 1 ಅಂತ ತೋರಿಸಿದರೆ ಎಲ್ಲೋ ತುಂಡಾಗಿದೆ.

ಎಲ್ಲಿ ತುಂಡಾಗಿದೆ ಅನ್ನುವುದೇ ಮುಖ್ಯ. ಹೋದ ಚಳಿಗಾಲ ನಾನು ಒಂದು ಅಂಗಡಿಯಲ್ಲಿ ಎರಡೂ ಗ್ರಿಪ್ ಹೊಸದು ಹಾಕಿಸಿದೆ. ಎರಡೇ ವಾರಕ್ಕೆ ಎಡಗಡೆಯದು ಮತ್ತೆ ತಣ್ಣಗಾಯಿತು. ಹ್ಯಾಂಡಲ್ ಪ್ಯಾಡ್ ಬಿಚ್ಚಿ ನೋಡಿದರೆ, ಹ್ಯಾಂಡಲ್ ತಿರುಗುವ ಜಾಗದಲ್ಲೇ ವೈರನ್ನು ಕೇಬಲ್ ಟೈ ಹಾಕಿ ಬಿಗಿಯಾಗಿ ಕಟ್ಟಿದ್ದರು. ಮೇಲಿನ ಪ್ಲಾಸ್ಟಿಕ್ ಹೊಸದರ ಹಾಗೇ ಹೊಳೆಯುತ್ತಿತ್ತು, ಒಂದು ಗೀರೂ ಇಲ್ಲ. ವೈರನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒಂದೊಂದೇ ಇಂಚು ಬಗ್ಗಿಸುತ್ತಾ ಬಂದೆ. ಟೈ ಹತ್ತಿರ ಬಂದಾಗ ಒಳಗೆ ತಾಮ್ರದ ಬಿಗಿಯೇ ಇಲ್ಲ, ಬೆಂದ ಶಾವಿಗೆ ಥರ ಮಡಚಿಕೊಂಡಿತು. ಮೆಲ್ಲಗೆ ಎಳೆದರೆ ರಬ್ಬರಿನ ಹಾಗೆ ಉದ್ದವಾಯಿತು. ಗ್ರಿಪ್ ಚೆನ್ನಾಗೇ ಇತ್ತು! ಆ ತುಂಡು ಕತ್ತರಿಸಿ, ಹೊಸ ವೈರ್ ಸೇರಿಸಿ ಸಾಲ್ಡರ್ ಮಾಡಿ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಹಾಕಿದೆ, ಮುಗಿಯಿತು. ಅದಕ್ಕೇ ಹೇಳುವುದು, ಗ್ರಿಪ್ ಕುಯ್ಯುವ ಮುಂಚೆ ವೈರನ್ನು ಪೂರ್ತಿ ಮುಟ್ಟಿ ನೋಡಿ.

ಹೀಟರೇ ಹೋಗಿದೆ ಅಂತ ಖಾತ್ರಿ ಆಯಿತಾ? ಸರಿ, ಈಗ ಕೊಳ್ಳುವಾಗ ಒಂದು ಎಚ್ಚರ. ನಮ್ಮ ಬೈಕ್‌ನಲ್ಲಿ ಬಲಗಡೆ ಗ್ರಿಪ್ ತಿರುಗುತ್ತದೆ, ಒಳಗೆ ಪ್ಲಾಸ್ಟಿಕ್ ಕೊಳವೆ ಇರುತ್ತದೆ. ಸ್ಲೆಡ್‌ನಲ್ಲಿ ಥ್ರಾಟಲ್ ಅಂದರೆ ಬಲ ಹೆಬ್ಬೆರಳಲ್ಲಿ ಒತ್ತುವ ಲಿವರ್, ಗ್ರಿಪ್ ಎರಡೂ ಕಡೆ ಅಲುಗಾಡದೆ ಕೂತಿರಬೇಕು. ಬೈಕಿನ ಬಿಸಿ ಗ್ರಿಪ್ ತಂದರೆ ಬಲಗಡೆಯದರ ತೂತು ದೊಡ್ಡದಿರುತ್ತದೆ, ಸ್ಲೆಡ್‌ನ ಹ್ಯಾಂಡಲ್ ಮೇಲೆ ಸುತ್ತುತ್ತದೆ. ಹ್ಯಾಂಡಲ್ ದಪ್ಪ ಸಾಮಾನ್ಯವಾಗಿ 22 ಮಿಲಿಮೀಟರ್ ಇರುತ್ತದೆ, ಆದರೂ ಅಳೆದೇ ಕೊಳ್ಳಿ. ಹೆಬ್ಬೆರಳು ಇಡುವ ಲಿವರ್‌ಗೆ ಬೇರೆಯದೇ ಹೀಟರ್ ಇರುತ್ತದೆ, ಗ್ರಿಪ್ ಬದಲಿಸಿದರೆ ಅದು ಸರಿಹೋಗುವುದಿಲ್ಲ. ಬ್ಯಾಟರಿ ಇಲ್ಲದ ಸ್ಲೆಡ್ ಆದರೆ ಎಲೆಕ್ಟ್ರಾನಿಕ್ ಕಂಟ್ರೋಲರ್ ಇರುವ ಕಿಟ್ ಬೇಡ, ಅದಕ್ಕೆ ಬೇಕಾದ ಡಿಸಿ ಕರೆಂಟ್ ಅಲ್ಲಿ ಸಿಗದೇ ಇರಬಹುದು.

ಕೆಲಸ ಶುರು ಮಾಡುವ ಮುಂಚೆ ಹಳೇ ವೈರ್ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಫೋನ್‌ನಲ್ಲಿ ನಾಲ್ಕು ಫೋಟೋ ತೆಗೆದುಕೊಳ್ಳಿ. ಬ್ಯಾಟರಿ ಇದ್ದರೆ ಬಿಚ್ಚಿಡಿ.

ಹಳೇ ಗ್ರಿಪ್ ಬಿಸಾಡುವುದೇ ಆದರೆ ಕಟ್ಟರ್ ಬ್ಲೇಡಿನಿಂದ ಉದ್ದಕ್ಕೆ ಕುಯ್ದು ಸಿಪ್ಪೆ ಸುಲಿದ ಹಾಗೆ ತೆಗೆಯಿರಿ. ಬ್ಲೇಡು ಯಾವಾಗಲೂ ನಿಮ್ಮ ಕೈಯಿಂದ ಆಚೆಗೆ ಹೋಗಲಿ. ಚಳಿಗೆ ರಬ್ಬರ್ ಕಲ್ಲಾಗಿರುತ್ತದೆ, ಹೇರ್ ಡ್ರೈಯರ್ ಹಿಡಿದು ಎರಡು ನಿಮಿಷ ಬಿಸಿ ಮಾಡಿದರೆ ಬೆಣ್ಣೆಯ ಹಾಗೆ ಕುಯ್ಯಬಹುದು. ಕೆಲವು ಸ್ಲೆಡ್‌ಗಳಲ್ಲಿ ಹೀಟರ್ ಅನ್ನುವುದು ಹ್ಯಾಂಡಲ್‌ಗೆ ಅಂಟಿಸಿದ ತೆಳ್ಳನೆ ಹಾಳೆ, ಗ್ರಿಪ್ ಅದರ ಮೇಲೆ. ಆ ಹಾಳೆ ಚೆನ್ನಾಗಿದ್ದು ರಬ್ಬರ್ ಮಾತ್ರ ಹರಿದಿದ್ದರೆ ಬ್ಲೇಡ್ ಮುಟ್ಟಲೇಬೇಡಿ. ಗ್ರಿಪ್ ಅಂಚಿನಡಿ ಏರ್ ಕಂಪ್ರೆಸರ್ ನಾಜಲ್ ತೂರಿಸಿ ಗಾಳಿ ಬಿಟ್ಟರೆ ರಬ್ಬರ್ ಉಬ್ಬಿ ಜಾರಿಕೊಂಡು ಬರುತ್ತದೆ.

ಆಮೇಲೆ ಹ್ಯಾಂಡಲ್ ಮೇಲಿನ ಹಳೇ ಅಂಟು ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬಟ್ಟೆಯಿಂದ ಒರೆಸಿ. ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೂ ಒರೆಸಿ. ಹಾಳೆ ಹೀಟರ್ ಹಾಕುವವರು ಅದರ ಕೆಳಗೆ ಮೊದಲು ಒಂದು ಪದರ ಹೀಟ್ ಶ್ರಿಂಕ್ ಟ್ಯೂಬ್ ಕೂರಿಸಿದರೆ ಬಹಳ ಒಳ್ಳೆಯದು. ಹೆಪ್ಪುಗಟ್ಟಿದ ಲೋಹದ ಹ್ಯಾಂಡಲ್ ಶಾಖವನ್ನೆಲ್ಲ ತಾನೇ ಹೀರಿಬಿಡುತ್ತದೆ, ಆ ಒಂದು ಪದರ ಅಡ್ಡ ಇದ್ದರೆ ಶಾಖ ಅಂಗೈ ಕಡೆ ಬರುತ್ತದೆ. ಹಾಳೆಯ ಅಂಚುಗಳು ಒಂದರ ಮೇಲೊಂದು ಬರಬಾರದು, ಅಲ್ಲಿ ಶಾಖ ಜಾಸ್ತಿಯಾಗಿ ಸುಡಬಹುದು.

ಅಂಟು ಹಾಕುವ ಮುಂಚೆ ಒಣದಾಗಿ ಒಮ್ಮೆ ತೂರಿಸಿ, ವೈರ್ ಹೊರಬರುವ ಜಾಗ ಎಲ್ಲಿರಬೇಕು ಅಂತ ಪೆನ್ನಿನಲ್ಲಿ ಗುರುತು ಹಾಕಿ. ಬ್ರೇಕ್ ಲಿವರ್‌ಗೂ ಥ್ರಾಟಲ್‌ಗೂ ಅಡ್ಡ ಬರದ ಕಡೆ ಇರಬೇಕು. ಊರಲ್ಲಿ ಸೈಕಲ್ ಗ್ರಿಪ್ ಹಾಕುವಾಗ ಸೋಪು ನೀರು ಸವರುತ್ತಿದ್ದೆವು, ಅಲ್ವಾ? ಇಲ್ಲಿ ಅದು ಬೇಡ. ವೈರಿನ ಪಕ್ಕ ನೀರು ಉಳಿಯುತ್ತದೆ, ಗ್ರಿಪ್ ಜಾರುತ್ತಲೇ ಇರುತ್ತದೆ. ಬಿಸಿಗೆ ಹಾಳಾಗದ ಎಪಾಕ್ಸಿ ಅಂಟು ತೆಳ್ಳಗೆ ಸವರಿ, ತಿರುಚುತ್ತಾ ಒಂದೇ ಸಲಕ್ಕೆ ತಳ್ಳಿ. ವೈರ್ ಹಿಡಿದು ಎಳೆಯಬೇಡಿ. ಸೂಪರ್ ಗ್ಲೂ ಬೇಡ, ಅರ್ಧ ದಾರಿಯಲ್ಲೇ ಹಿಡಿದುಕೊಳ್ಳುತ್ತದೆ. ಮೈನಸ್‌ನಲ್ಲಿರುವ ಗ್ಯಾರೇಜಿನಲ್ಲಿ ಎಪಾಕ್ಸಿ ಸರಿಯಾಗಿ ಗಟ್ಟಿಯಾಗುವುದಿಲ್ಲ, ಹಾಗಾಗಿ ರೂಮ್ ಹೀಟರ್ ಇಟ್ಟು ಮೊದಲೇ ಜಾಗ ಬೆಚ್ಚಗೆ ಮಾಡಿ, ರಾತ್ರಿಯಿಡೀ ಹಾಗೇ ಬಿಡಿ.

ವೈರ್ ಜೋಡಿಸುವಾಗ ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಎರಡು ಕಡೆಯಲ್ಲೂ ವೈರ್ ಸಡಿಲವಾಗಿ ಬಳುಕಬೇಕು. ಕೇಬಲ್ ಟೈ ಹಾಕಿ, ಆದರೆ ತಿರುಗುವ ಜಾಗದಲ್ಲಿ ಬೇಡ, ಮತ್ತು ಕಟ್ಟಿದ ಮೇಲೂ ವೈರ್ ಒಳಗೆ ಸ್ವಲ್ಪ ಜಾರಬೇಕು.

ಇನ್ನು ಥ್ರಾಟಲ್, ಇದನ್ನು ದಯವಿಟ್ಟು ಬಿಡಬೇಡಿ. ಇಂಜಿನ್ ಆಫ್ ಇದ್ದಾಗ ಲಿವರ್ ಪೂರ್ತಿ ಒತ್ತಿ ಕೈ ಬಿಡಿ. ಟಕ್ ಅಂತ ವಾಪಸ್ ಬರಬೇಕು. ಹ್ಯಾಂಡಲ್ ಎಡಕ್ಕೆ ತಿರುಗಿಸಿ ಮತ್ತೆ ಒತ್ತಿ, ಬಲಕ್ಕೆ ತಿರುಗಿಸಿ ಮತ್ತೆ ಒತ್ತಿ. ಗ್ರಿಪ್ ಒಂದೆರಡು ಮಿಲಿಮೀಟರ್ ಒಳಗೆ ಹೋಗಿದ್ದರೂ ಲಿವರ್ ಅದಕ್ಕೆ ಉಜ್ಜಿ ನಿಧಾನ ಆಗುತ್ತದೆ, ಮಂಜು ಕೂತರೆ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ಗ್ಯಾರೇಜಿನ ಹೊರಗೆ ತಂದು, ಮುಂದೆ ಯಾರೂ ಇಲ್ಲದ ಹಾಗೆ ನೋಡಿಕೊಂಡು, ಸ್ಟಾರ್ಟ್ ಮಾಡಿ ಹ್ಯಾಂಡಲ್ ಆ ಕಡೆ ಈ ಕಡೆ ತಿರುಗಿಸಿ. ಇಂಜಿನ್ ಸದ್ದು ಏರಿದರೆ ಥ್ರಾಟಲ್ ಕೇಬಲ್ ಎಲ್ಲೋ ಎಳೆಯುತ್ತಿದೆ, ಆಫ್ ಮಾಡಿ ಸರಿಮಾಡಿ.

ಎಲ್ಲ ಸರಿ ಇದ್ದರೆ ಸ್ವಿಚ್ ಹೈಗೆ ಹಾಕಿ, ಗ್ಲೌಸ್ ತೆಗೆದು ಎರಡೂ ಗ್ರಿಪ್ ಹಿಡಿದುಕೊಂಡು ಕೂರಿ. ಕೆಲವೇ ನಿಮಿಷಕ್ಕೆ ಅಂಗೈಗೆ ಗೊತ್ತಾಗುತ್ತದೆ. ಮೊದಲ ದಿನ ಮನೆ ಹತ್ತಿರವೇ ಒಂದು ಸುತ್ತು ಹೊಡೆದು ಬಂದು, ಗ್ರಿಪ್ ತಿರುಚಿ ನೋಡಿ. ಕೂದಲೆಳೆಯಷ್ಟು ತಿರುಗಿದರೂ ಆವತ್ತು ಟ್ರೇಲ್‌ಗೆ ಹೋಗಬೇಡಿ, ಇನ್ನೊಮ್ಮೆ ಅಂಟು ಹಾಕಿ.