ಮೂವತ್ತು ಲೈಫ್ ಕೋಡ್ ಇಲ್ಲದೆ ಕಾಂಟ್ರಾ ಮುಗಿಸುವುದು ಹೇಗೆ?

ಕಾಂಟ್ರಾ ಅನ್ನುವ ಹಳೆ ವಿಡಿಯೋ ಗೇಮ್‌ನ ಮೊದಲ ಸ್ಟೇಜ್ ಮ್ಯೂಸಿಕ್ ಹಾಕಿದರೆ ತಲೆ ಆಡಿಸುವವರು ಬೇಕಾದಷ್ಟು ಜನ. ಎಂಟನೇ ಸ್ಟೇಜ್‌ನದು ಹಾಕಿ ನೋಡಿ, ಎಲ್ಲರೂ ಮುಖ ಮುಖ ನೋಡ್ತಾರೆ. ಅಲ್ಲಿಯವರೆಗೆ ಹೋದವರೇ ಕಡಿಮೆ. ಬಟನ್‌ಗಳನ್ನು ಒಂದು ಕ್ರಮದಲ್ಲಿ ಒತ್ತಿ ಮೂವತ್ತು ಲೈಫ್ ಪಡೆಯುವ ಕೋಡ್ ಹಾಕದಿದ್ದರೆ ಇರುವುದು ಮೂರೇ ಲೈಫ್, ಒಂದು ಗುಂಡು ತಾಗಿದರೂ ಸಾವು, ಸತ್ತರೆ ಕೈಲಿದ್ದ ಒಳ್ಳೆ ಗನ್ ಕೂಡ ಹೋಯಿತು.

ಜಪಾನಿನ ಕೊನಾಮಿ ಕಂಪನಿ 1987ರಲ್ಲಿ ಇದನ್ನು ಕಾಸು ಹಾಕಿ ಆಡುವ ಆರ್ಕೇಡ್ ಮೆಷಿನ್‌ಗೆ ಮಾಡಿತು, 1988ರಲ್ಲಿ ನಿಂಟೆಂಡೊದ ಮನೆ ಮೆಷಿನ್‌ಗೆ ತಂದಿತು. ನಮ್ಮಲ್ಲಿ ಹೆಚ್ಚಿನವರು ಆಡಿದ್ದು ಆ ಮೆಷಿನ್‌ನ ನಕಲುಗಳಲ್ಲಿ, '9999 ಇನ್ 1' ಅಂತ ಬರೆದ ಕ್ಯಾಸೆಟ್ ಹಾಕಿಕೊಂಡು. ಅಷ್ಟು ಆಟ ಅದರಲ್ಲಿ ಇರುತ್ತಿರಲಿಲ್ಲ ಬಿಡಿ. ಅದೇ ಹತ್ತಿಪ್ಪತ್ತು ಆಟಗಳನ್ನು ಬೇರೆ ಬೇರೆ ಸ್ಟೇಜಿನಿಂದ ಶುರು ಮಾಡಿಸಿ ಲೆಕ್ಕ ತುಂಬಿಸುತ್ತಿದ್ದರು.

ಇದನ್ನು ಮುಗಿಸಲು ಚುರುಕು ಬೆರಳಿಗಿಂತ ನೆನಪು ಜಾಸ್ತಿ ಬೇಕು. ಇಡೀ ಆಟ ಇರುವುದೇ 128 ಕಿಲೋಬೈಟ್. ಈಗ ವಾಟ್ಸಾಪ್‌ನಲ್ಲಿ ಬರುವ ಒಂದು ಫೋಟೋ ಇದಕ್ಕಿಂತ ದೊಡ್ಡದಿರುತ್ತದೆ. ಎಂಟು ಸ್ಟೇಜ್, ದಾರಿ ಗೊತ್ತಿರುವವರಿಗೆ ಅರ್ಧ ಗಂಟೆಯೂ ಬೇಡ. ಇಷ್ಟು ಚಿಕ್ಕ ಆಟ ಸುಲಭವಾಗಿದ್ದರೆ ದುಡ್ಡು ಕೊಟ್ಟು ತಂದವರು ಅದೇ ಸಂಜೆ ಮುಗಿಸಿ ಮೂಲೆಗಿಡುತ್ತಿದ್ದರು, ಅಲ್ವಾ? ಅದಕ್ಕೇ ಕಷ್ಟ ತುಂಬಿ ಉದ್ದ ಮಾಡಿದರು. ಆದರೆ ಅದೇ ಚಿಕ್ಕತನ ನಮಗೆ ಅನುಕೂಲ. ಓಡಿ ಬರುವ ಸೈನಿಕರು ಒಂದೊಂದು ಸಲ ಹೆಚ್ಚು ಕಮ್ಮಿ ಇರಬಹುದು, ಆದರೆ ಗೋಡೆಯ ಗನ್ನು, ಟ್ಯಾಂಕು, ಬೆಂಕಿ, ಸ್ಟೇಜ್ ಕೊನೆಯ ದೊಡ್ಡ ಶತ್ರು ಅಂದರೆ ಬಾಸ್, ಎಲ್ಲವೂ ಪ್ರತಿ ಸಲ ಅದೇ ಜಾಗದಲ್ಲಿ ಇರುತ್ತವೆ.

ಮೊದಲು ಟಿವಿ ನೋಡಿಕೊಳ್ಳಿ

ಇದನ್ನು ಯಾರೂ ಹೇಳುವುದಿಲ್ಲ, ಆಮೇಲೆ ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ. ಹಳೆ ಡಬ್ಬ ಟಿವಿಯಲ್ಲಿ ಬಟನ್ ಒತ್ತಿದ ತಕ್ಷಣ ಆಳು ಹಾರುತ್ತಿದ್ದ. ಈಗಿನ ಟಿವಿಗಳು ಚಿತ್ರವನ್ನು ತಿದ್ದಿ ತೀಡಿ ತೋರಿಸುತ್ತವೆ, ಆ ಕೆಲಸಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಸಿನಿಮಾ ನೋಡುವಾಗ ಅದು ಗೊತ್ತಾಗುವುದಿಲ್ಲ, ಕಾಂಟ್ರಾದಲ್ಲಿ ಅಷ್ಟರೊಳಗೆ ಗುಂಡು ತಾಗಿರುತ್ತದೆ. ಟಿವಿ ಸೆಟ್ಟಿಂಗ್ಸ್‌ನಲ್ಲಿ 'ಗೇಮ್ ಮೋಡ್' ಇದ್ದರೆ ಆನ್ ಮಾಡಿ. ಬ್ಲೂಟೂತ್ ಕಂಟ್ರೋಲರ್‌ಗಿಂತ ವೈರ್ ಇರುವುದು ವಾಸಿ. ಮೊಬೈಲ್ ಪರದೆಯ ಮೇಲೆ ಹೆಬ್ಬೆರಳು ಉಜ್ಜಿಕೊಂಡು ಇದನ್ನು ಮುಗಿಸುತ್ತೇನೆ ಅನ್ನುವವರಿಗೆ ನನ್ನದೊಂದು ನಮಸ್ಕಾರ.

ಆಟ ಎಲ್ಲಿ ಸಿಗುತ್ತದೆ ಅಂತ ಕೇಳಿದರೆ, ಕೊನಾಮಿಯವರೇ 2019ರಲ್ಲಿ 'ಕಾಂಟ್ರಾ ಆನಿವರ್ಸರಿ ಕಲೆಕ್ಷನ್' ಅಂತ ಹಳೆ ಕಾಂಟ್ರಾಗಳನ್ನು ಒಟ್ಟು ಮಾಡಿ ಬಿಟ್ಟಿದ್ದಾರೆ. ಕಂಪ್ಯೂಟರ್, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಸ್ವಿಚ್ ಎಲ್ಲದಕ್ಕೂ ಬಂತು. ಅದರಲ್ಲಿ ಆಟವನ್ನು ನಡುವೆ ಸೇವ್ ಮಾಡಿಕೊಳ್ಳಬಹುದು. ಈ ಸೇವ್ ಮುಂದೆ ನಮಗೆ ತುಂಬಾ ಬೇಕಾಗುತ್ತದೆ.

ಕೈಗೆ ಗೊತ್ತಿರಬೇಕಾದ ನಾಲ್ಕು ವಿಷಯ

ಕಾಂಟ್ರಾದಲ್ಲಿ ಗಾಳಿಯಲ್ಲಿ ಇರುವಾಗಲೂ ದಿಕ್ಕು ಬದಲಿಸಬಹುದು. ಹಾರಿದ ಮೇಲೆ 'ಅಯ್ಯೋ' ಅನ್ನಿಸಿದರೆ ಹಿಂದಕ್ಕೆ ಎಳೆದುಕೊಳ್ಳಿ. ಆ ಕಾಲದ ಎಷ್ಟೋ ಆಟಗಳಲ್ಲಿ ಈ ಸೌಲಭ್ಯ ಇಲ್ಲ.

ಕೆಳಗಿನ ಬಟನ್ ಒತ್ತಿದರೆ ಆಳು ನೆಲಕ್ಕೆ ಮಲಗುತ್ತಾನೆ, ಎದುರಿಂದ ಬರುವ ಗುಂಡು ಬಹಳಷ್ಟು ಸಲ ತಲೆ ಮೇಲೆ ಹೋಗುತ್ತದೆ. ನೀರಿನಲ್ಲಿದ್ದಾಗ ಅದೇ ಬಟನ್ ಒತ್ತಿದರೆ ಪೂರ್ತಿ ಮುಳುಗುತ್ತಾನೆ, ಆಗ ಏನೂ ತಾಗುವುದಿಲ್ಲ, ಗುಂಡು ಹಾರಿಸಲೂ ಆಗುವುದಿಲ್ಲ.

ಕೆಳಗಿನ ಬಟನ್ ಹಿಡಿದು ಜಂಪ್ ಒತ್ತಿದರೆ ಮೇಲಿನ ಕಟ್ಟೆಯಿಂದ ಕೆಳಗಿನದಕ್ಕೆ ಇಳಿಯಬಹುದು. ಎಷ್ಟೋ ಜನ ಇದು ಗೊತ್ತಿಲ್ಲದೆ ಅಂಚಿನವರೆಗೆ ಓಡಿ ಹಾರಿ ಸಾಯುತ್ತಾರೆ.

ಮತ್ತೆ ಹುಟ್ಟಿ ಬಂದಾಗ ಸ್ವಲ್ಪ ಹೊತ್ತು ಮಿನುಗುತ್ತಾನಲ್ಲ, ಅಷ್ಟು ಹೊತ್ತು ಯಾವುದೂ ತಾಗದು. ಅದನ್ನು ನಿಂತು ಕಳೆಯಬೇಡಿ, ಮುಂದೆ ನುಗ್ಗಿ.

ಎಸ್ ಸಿಕ್ಕಿದ ಮೇಲೆ ಬೇರೆ ಅಕ್ಷರ ಮುಟ್ಟಬೇಡಿ

ಹಾರುವ ಡಬ್ಬಿ ಒಡೆದರೆ ಅಕ್ಷರ ಬೀಳುತ್ತದೆ. ಎಂ ಅಂದರೆ ಮೆಷಿನ್ ಗನ್, ಪರವಾಗಿಲ್ಲ. ಎಫ್ ಅಂದರೆ ಸುತ್ತಿಕೊಂಡು ಹೋಗುವ ಬೆಂಕಿ ಉಂಡೆ, ಬೇಡ. ಎಲ್ ಅಂದರೆ ಲೇಸರ್. ನೋಡಲು ಚೆಂದ, ಆದರೆ ಗಾಬರಿಯಲ್ಲಿ ಇನ್ನೊಂದು ಸಲ ಬಟನ್ ಒತ್ತಿದರೆ ಹೋಗುತ್ತಿದ್ದ ಲೇಸರ್ ಮಾಯವಾಗಿ ಹೊಸದು ಶುರುವಾಗುತ್ತದೆ. ಗಾಬರಿಯಾಗದೆ ಈ ಆಟ ಆಡುವವರು ಯಾರಿದ್ದಾರೆ? ಆರ್ ಸಿಕ್ಕಿದರೆ ಇರುವ ಗನ್ನೇ ವೇಗವಾಗುತ್ತದೆ, ಅದನ್ನು ತಗೊಳ್ಳಿ. ಬಿ ಸ್ವಲ್ಪ ಹೊತ್ತು ರಕ್ಷಣೆ ಕೊಡುತ್ತದೆ, ಅದನ್ನೂ ತಗೊಳ್ಳಿ.

ರಾಜ ಅಂದರೆ ಎಸ್. ಒಂದೇ ಒತ್ತಿಗೆ ಐದು ಗುಂಡು ಬೀಸಣಿಗೆಯ ಹಾಗೆ ಹರಡುತ್ತದೆ. ಮೊದಲ ಸ್ಟೇಜ್‌ನಲ್ಲೇ ಸಿಗುತ್ತದೆ. ದೂರದಿಂದ ಹೊಡೆದರೆ ಐದರಲ್ಲಿ ಒಂದೋ ಎರಡೋ ತಾಗುತ್ತವೆ. ಬಾಸ್‌ಗೆ ಹತ್ತಿರ ಹೋಗಿ ಹೊಡೆದರೆ ಐದೂ ತಾಗುತ್ತವೆ. ಅಂದರೆ ಎಸ್ ಇಟ್ಟುಕೊಂಡು ಹೆದರಿ ದೂರ ನಿಂತವರಿಗೇ ಬಾಸ್ ಜೊತೆ ಜಾಸ್ತಿ ಹೊತ್ತು ಒದ್ದಾಟ.

ಕೆಟ್ಟ ಅಕ್ಷರ ನೀವು ಓಡುವ ದಾರಿಗೇ ಬೀಳುತ್ತದೆ, ನೋಡದೆ ತುಳಿದುಬಿಟ್ಟರೆ ಎಸ್ ಹೋಯಿತು. ಹಾಗಾಗಿ ಯಾವ ಡಬ್ಬಿಯಲ್ಲಿ ಏನಿದೆ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬೇಡದ ಡಬ್ಬಿಯನ್ನು ಒಡೆಯಲೇಬೇಡಿ.

ಕೊನೆಯಿಂದ ಶುರು ಮಾಡಿ

ಎಲ್ಲರೂ ಮಾಡುವುದು ಏನು? ಸತ್ತರೆ ಮತ್ತೆ ಮೊದಲಿನಿಂದ. ಇದರಿಂದ ಮೊದಲ ಸ್ಟೇಜ್ ಕಣ್ಣು ಮುಚ್ಚಿ ಆಡುವಷ್ಟು ಬರುತ್ತದೆ, ಆರನೆಯದಕ್ಕೆ ಹೋದಾಗ ಕೈ ನಡುಗುತ್ತದೆ. ಇದನ್ನು ತಿರುಗಿಸಿ. ಮೊದಲು ಕೋಡ್ ಹಾಕಿಕೊಂಡು ಒಂದು ಸಲ ಪೂರ್ತಿ ಹೋಗಿ ಬನ್ನಿ. ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ, ಸ್ಟಾರ್ಟ್. ಮೂವತ್ತು ಲೈಫ್.

ಕೋಡ್ ಬಳಸುವುದು ಮೋಸ ಅನ್ನುವವರಿಗೆ ಒಂದು ಸಂಗತಿ. ಇದನ್ನು ಮಾಡಿದವರು ಕೊನಾಮಿಯ ಕಜುಹಿಸಾ ಹಶಿಮೊಟೊ, 1986ರಲ್ಲಿ ಗ್ರೇಡಿಯಸ್ ಅನ್ನುವ ಇನ್ನೊಂದು ಆಟವನ್ನು ಮನೆ ಮೆಷಿನ್‌ಗೆ ತರುತ್ತಿದ್ದಾಗ. ಆ ಆಟ ತಮಗೇ ಕಷ್ಟವಾಗಿ ಪರೀಕ್ಷೆ ಮಾಡಲು ಆಗುತ್ತಿಲ್ಲ ಅಂತ ಈ ಕೋಡ್ ಸೇರಿಸಿಕೊಂಡಿದ್ದರು. 2020ರಲ್ಲಿ ತೀರಿಕೊಂಡರು. ಮಾಡಿದವರೇ ಕಲಿಯಲು ಬಳಸಿದ್ದನ್ನು ನಾವೂ ಕಲಿಯಲು ಬಳಸೋಣ, ತಪ್ಪೇನು?

ಈ ಸುತ್ತಿನಲ್ಲಿ ಪ್ರತಿ ಸ್ಟೇಜ್ ಶುರುವಾದಾಗ ಒಂದು ಸೇವ್ ಇಟ್ಟುಕೊಳ್ಳಿ. ಒಂದೇ ಸೇವ್ ಇಡಲು ಜಾಗ ಇದ್ದರೆ ಈಗ ಕಲಿಯುತ್ತಿರುವ ಸ್ಟೇಜ್‌ನದನ್ನು ಇಡಿ. ಆಮೇಲೆ ಎಂಟನೆಯದನ್ನು ಬರೀ ಮೂರು ಲೈಫ್‌ನಲ್ಲಿ ದಾಟುವವರೆಗೆ ಆಡಿ. ಆಮೇಲೆ ಏಳು, ಎಂಟು ಒಟ್ಟಿಗೆ. ಆಮೇಲೆ ಆರರಿಂದ. ಹೀಗೆ ಹಿಂದಕ್ಕೆ ಬನ್ನಿ. ನಿಜವಾದ ಆಟದ ದಿನ ಮುಂದೆ ಹೋದಷ್ಟೂ ನಿಮಗೆ ಚೆನ್ನಾಗಿ ಗೊತ್ತಿರುವ ಜಾಗವೇ ಬರುತ್ತದೆ. ಇದೊಂದನ್ನು ಮಾಡಿದರೆ ಅರ್ಧ ಕೆಲಸ ಆದಂತೆ.

ಅಂದ ಹಾಗೆ, ಆ 9999 ಕ್ಯಾಸೆಟ್‌ಗಳಲ್ಲಿ ಸ್ಟೇಜ್ ಬದಲಿಸಿ ಕೊಡುತ್ತಿದ್ದರಲ್ಲ, ಗೊತ್ತಿಲ್ಲದೆಯೇ ಅವರು ನಮಗೆ ಒಳ್ಳೆ ಅಭ್ಯಾಸದ ಸಾಮಾನು ಕೊಟ್ಟಿದ್ದರು. ನಾವು ಅದನ್ನು ಮೋಸ ಅಂದುಕೊಂಡೆವು.

ಸ್ಟೇಜ್ ಸ್ಟೇಜ್ ಆಗಿ

ಒಂದನೆಯದು ಕಾಡು. ನಿಂತಷ್ಟೂ ಸೈನಿಕರು ಬರುತ್ತಲೇ ಇರುತ್ತಾರೆ, ಅವರನ್ನು ಮುಗಿಸಿ ಹೋಗುತ್ತೇನೆ ಅಂದರೆ ಮುಗಿಯುವುದಿಲ್ಲ. ಸೇತುವೆ ಕಾಲಡಿಯಲ್ಲೇ ಸಿಡಿಯುತ್ತದೆ, ನಿಲ್ಲದೆ ಓಡಿ. ಕೊನೆಯ ಗೋಡೆಯಲ್ಲಿ ಮೊದಲು ಎರಡು ಗನ್ನು, ಆಮೇಲೆ ಕೆಳಗೆ ಮಿನುಗುವ ಕೆಂಪು ಭಾಗ.

ಎರಡು ಮತ್ತು ನಾಲ್ಕು ಕೋಟೆಯ ಒಳಗೆ, ಆಳಿನ ಬೆನ್ನು ನಮ್ಮ ಕಡೆಗೆ. ಗುಂಡಿಗೆ ಮಲಗಿ, ಉರುಳಿ ಬರುವುದಕ್ಕೆ ಹಾರಿ. ಕರೆಂಟ್ ಬೇಲಿ ತಾಗಿದರೆ ಸಾಯುವುದಿಲ್ಲ, ಆದರೆ ಕ್ಷಣ ಮರಗಟ್ಟುತ್ತದೆ, ಅಷ್ಟರಲ್ಲಿ ಬೇರೆ ಯಾವುದೋ ಬಂದು ಹೊಡೆಯುತ್ತದೆ. ನಾಲ್ಕನೆಯ ಬಾಸ್ ಎರಡು ತಲೆ. ಅವು ಒಂದಾದಾಗ ಹೊಡೆಯಿರಿ, ಬೇರೆ ಬೇರೆ ಇದ್ದಾಗ ತಪ್ಪಿಸಿಕೊಳ್ಳುವುದಷ್ಟೇ ಕೆಲಸ.

ಮೂರನೆಯದು ಜಲಪಾತ. ನನ್ನ ಲೆಕ್ಕದಲ್ಲಿ ಲೈಫ್‌ಗಳು ಜಾಸ್ತಿ ಸುರಿದು ಹೋಗುವುದು ಇಲ್ಲೇ. ಪರದೆ ಮೇಲಕ್ಕೆ ಮಾತ್ರ ಸರಿಯುತ್ತದೆ, ಕೆಳಗೆ ಬರುವುದಿಲ್ಲ. ಈಗಷ್ಟೇ ನಿಂತಿದ್ದ ಕಟ್ಟೆ ಪರದೆಯಿಂದ ಹೊರಗೆ ಹೋಗಿದ್ದರೆ ಅದು ಈಗ ಇಲ್ಲವೇ ಇಲ್ಲ, ಅಲ್ಲಿಗೆ ಬಿದ್ದರೆ ಸಾವೇ. ಆದ್ದರಿಂದ ನೇರ ಮೇಲಕ್ಕೆ ಹಾರಬೇಡಿ. ಮುಂದಿನ ಕಟ್ಟೆ ಯಾವುದು ಅಂತ ನೋಡಿಕೊಂಡು ಅದಕ್ಕೇ ಹಾರಿ. ಬಂಡೆಗಳು ಬೀಳುವ ಜಾಗದಲ್ಲಿ ಒಂದು ಬಿದ್ದು ಹೋಗಲಿ, ಆಮೇಲೆ ಹೊರಡಿ. ಕೊನೆಯಲ್ಲಿ ಎರಡು ಕೈ ಬೀಸುವ ಬಾಸ್ ಇದೆ. ಮೊದಲು ಕೈಗಳನ್ನು ತೆಗೆಯಿರಿ, ಆಮೇಲೆ ಬಾಯಿ.

ಐದು ಹಿಮ. ಟ್ಯಾಂಕ್ ಬಂದಾಗ ಹಿಂದೆ ಹಿಂದೆ ಹೋಗಬೇಡಿ, ಮೊದಲಿನಿಂದಲೇ ಗುಂಡು ಸುರಿಸಿ. ಆರನೆಯದರಲ್ಲಿ ಬೆಂಕಿ ಕೊಳವೆಗಳು ಒಂದು ತಾಳದಲ್ಲಿ ಹೊತ್ತಿ ಆರುತ್ತವೆ. ಎರಡು ಸಲ ಸುಮ್ನೆ ನಿಂತು ನೋಡಿ, ಮೂರನೇ ಸಲ ಹೋಗಿ. ಅದರ ಬಾಸ್ ಒಬ್ಬ ದೈತ್ಯ. ಅವನು ಹಾರಿದಾಗ ಕೆಳಗಿನಿಂದ ಆ ಕಡೆಗೆ ಓಡಿ. ಏಳರಲ್ಲಿ ಮೇಲಿನಿಂದ ಕೊಕ್ಕೆ ಇಳಿಯುತ್ತವೆ, ನೆಲದಿಂದ ಮುಳ್ಳು ಗೋಡೆ ಏಳುತ್ತದೆ. ಇಲ್ಲಿ ಅವಸರ ಮಾಡಿದವರೇ ಸಾಯುವುದು.

ಎಂಟನೆಯದು ಅನ್ಯಗ್ರಹದ ಜೀವಿಗಳ ಗುಹೆ. ದೊಡ್ಡ ತಲೆಯ ಬಾಯಿಗೆ ಹೊಡೆಯಿರಿ, ಅದು ಉಗುಳುವ ಮರಿಗಳನ್ನು ಎಸ್ ತಾನಾಗಿಯೇ ನೋಡಿಕೊಳ್ಳುತ್ತದೆ. ಕೊನೆಗೆ ಒಂದು ಹೃದಯ, ಸುತ್ತ ಚೀಲಗಳು, ಚೀಲಗಳಿಂದ ಹುಳಗಳು. ಹೃದಯ ಬೇಗ ಸಾಯುವುದಿಲ್ಲ. ಎಸ್ ಇಲ್ಲದೆ ಇಲ್ಲಿಗೆ ಬಂದರೆ ಗೆಲ್ಲಬಹುದು, ಆದರೆ ಬೆರಳು ನೋಯುತ್ತದೆ. ಲೈಫ್ ಮುಗಿದರೂ ಮೂರು ಸಲ 'ಕಂಟಿನ್ಯೂ' ಇದೆ ಅನ್ನುವುದು ನೆನಪಿರಲಿ.

ಇಬ್ಬರು ಆಡುವಾಗ

ಸುಲಭ ಅಂದುಕೊಂಡರೆ ತಪ್ಪು. ಮೂರನೇ ಸ್ಟೇಜ್‌ನಲ್ಲಿ ಒಬ್ಬ ಮೇಲೆ ಹಾರಿದರೆ ಪರದೆ ಸರಿದು ಕೆಳಗಿದ್ದವನು ಸಾಯುತ್ತಾನೆ. ಅಣ್ಣ ತಮ್ಮಂದಿರ ಜಗಳಕ್ಕೆ ಈ ಜಲಪಾತಕ್ಕಿಂತ ಒಳ್ಳೆ ಜಾಗ ಇಲ್ಲ. ಯಾರು ಮುಂದೆ ಹೋಗುವುದು, ಮೊದಲ ಎಸ್ ಯಾರಿಗೆ, ಎರಡನೆಯದು ಯಾರಿಗೆ ಅಂತ ಶುರುವಿನಲ್ಲೇ ತೀರ್ಮಾನ ಮಾಡಿಕೊಳ್ಳಿ. ಹೊಸಬರಿಗೆ ಮೊದಲ ಎಸ್ ಕೊಡಿ.

ಇದಾದ ಮೇಲೆ

ಇದೇ ದಾರಿ ಬೇರೆ ಆಟಗಳಿಗೂ ನಡೆಯುತ್ತದೆ, ಸ್ವಲ್ಪ ಬದಲಾವಣೆ ಬೇಕು. ನಿಂಜಾ ಗೈಡನ್‌ನಲ್ಲಿ ಒಂದು ಹೆಜ್ಜೆ ಹಿಂದೆ ಹೋಗಿ ಮುಂದೆ ಬಂದರೆ ಸತ್ತ ಶತ್ರು ಮತ್ತೆ ಅಲ್ಲೇ ನಿಂತಿರುತ್ತಾನೆ, ಹಾಗಾಗಿ ಹಿಂದೆ ಸರಿಯುವ ಅಭ್ಯಾಸವನ್ನೇ ಬಿಡಿ. ಕೊನೆಯ ಬಾಸ್‌ಗಳ ಹತ್ತಿರ ಸತ್ತರೆ ಆರನೇ ಭಾಗದ ಶುರುವಿಗೇ ಕಳಿಸುತ್ತದೆ. ಕ್ರೂರ, ನಿಜ. ಆದರೆ ಒಮ್ಮೆ ಸೋಲಿಸಿದ ಬಾಸ್ ಮತ್ತೆ ಬರುವುದಿಲ್ಲ, ಕಂಟಿನ್ಯೂಗೂ ಲೆಕ್ಕ ಇಲ್ಲ.

ಬ್ಯಾಟಲ್‌ಟೋಡ್ಸ್ ಅಂದರೆ ಎಲ್ಲರೂ ಹೇಳುವುದು ಮೂರನೇ ಹಂತದ ಬೈಕ್ ಸವಾರಿಯನ್ನು. ಅಲ್ಲಿನ ಗೋಡೆಗಳ ಕ್ರಮ ಬದಲಾಗುವುದಿಲ್ಲ, ಮೇಲೆ ಕೆಳಗೆ ಅಂತ ಬಾಯಲ್ಲಿ ಹೇಳಿಕೊಂಡೇ ಆಡಿ. ಅಮೆರಿಕದಲ್ಲಿ ಬಂದ ನಿಂಟೆಂಡೊ ಕ್ಯಾಸೆಟ್‌ನಲ್ಲಿ ಹನ್ನೊಂದನೇ ಹಂತಕ್ಕೆ ಹೋದರೆ ಎರಡನೇ ಆಟಗಾರನ ಬಟನ್ ಕೆಲಸವೇ ಮಾಡುವುದಿಲ್ಲ, ಆಟದ್ದೇ ದೋಷ. ಅದನ್ನು ಒಬ್ಬರೇ ಆಡಿ.

ಘೋಸ್ಟ್ಸ್ ಎನ್ ಗಾಬ್ಲಿನ್ಸ್‌ನಲ್ಲಿ ಹಾರಿದ ಮೇಲೆ ದಿಕ್ಕು ಬದಲಿಸಲು ಆಗುವುದಿಲ್ಲ, ಪಂಜಿನಂಥ ಆಯುಧ ಸಿಕ್ಕಿದರೆ ಮುಟ್ಟಬೇಡಿ, ಚಾಕು ಹಿಡಿದುಕೊಳ್ಳಿ. ಪೂರ್ತಿ ಮುಗಿಸಿದ ಮೇಲೆ ಇದೆಲ್ಲ ಮಾಯೆ ಅಂತ ಹೇಳಿ ಇಡೀ ಆಟವನ್ನು ಇನ್ನೊಂದು ಸಲ ಆಡಿಸುತ್ತದೆ. ನನಗಂತೂ ಅದು ಶುದ್ಧ ಹಟಮಾರಿತನ ಅನ್ನಿಸುತ್ತದೆ.

ಕಾಂಟ್ರಾ ಮುಗಿಸಿದ ತಕ್ಷಣ ಇವುಗಳಿಗೆ ಹೋಗುವ ಬದಲು ಅದರ ಎರಡನೇ ಭಾಗ ಸೂಪರ್ ಸಿ ಆಡಿ. ಗನ್ನು ಅವೇ, ನಡೆಯುವ ಹಾರುವ ರೀತಿಯೂ ಅದೇ, ಕಲಿತದ್ದು ಹಾಗೇ ಕೈಗೆ ಬರುತ್ತದೆ. ಹಳೆ ಕೋಡ್ ಮಾತ್ರ ಅಲ್ಲಿ ನಡೆಯುವುದಿಲ್ಲ. ಬಲ, ಎಡ, ಕೆಳಗೆ, ಮೇಲೆ, ಎ, ಬಿ, ಸ್ಟಾರ್ಟ್ ಒತ್ತಬೇಕು, ಸಿಗುವುದು ಹತ್ತೇ ಲೈಫ್.