ರಾತ್ರಿ ಬಡಬಡಿಕೆ: ನಿದ್ದೆ ಮಾತ್ರೆಗೆ ಕೈ ಹಾಕುವ ಮೊದಲು

ಕ್ಯಾನ್ಸರ್, ಕಿಡ್ನಿ ಅಥವಾ ಲಿವರ್ ಕಾಯಿಲೆ ಕೊನೆಯ ಹಂತಕ್ಕೆ ಬಂದು ಮನೆಯಲ್ಲೇ ಆರೈಕೆ ಪಡೆಯುತ್ತಿರುವವರು ಒಂದು ಸಂಜೆ ಇದ್ದಕ್ಕಿದ್ದಂತೆ ಬೇರೆಯೇ ಮನುಷ್ಯರಂತೆ ಕಾಣುತ್ತಾರೆ. ಉಟ್ಟ ಬಟ್ಟೆ ಕೀಳುತ್ತಾರೆ, ತೀರಿಹೋದವರ ಜೊತೆ ಮಾತಾಡುತ್ತಾರೆ, ಸ್ವಂತ ಮನೆಯಲ್ಲಿದ್ದುಕೊಂಡೇ ‘ಮನೆಗೆ ಹೋಗುವ’ ಎಂದು ಹಟ ಹಿಡಿಯುತ್ತಾರೆ. ಬೆಳಿಗ್ಗೆ ತಕ್ಕಮಟ್ಟಿಗೆ ಸರಿಯಾಗುತ್ತದೆ, ಕತ್ತಲಾದರೆ ಮತ್ತೆ ಶುರು. ವೈದ್ಯರು ಇದನ್ನು ಡೆಲಿರಿಯಂ ಎನ್ನುತ್ತಾರೆ. ಇದು ಹುಚ್ಚಲ್ಲ, ಮುಪ್ಪಿನ ಮರೆವೂ ಅಲ್ಲ. ಮರೆವು ತಿಂಗಳು, ವರ್ಷಗಳಲ್ಲಿ ಬೆಳೆಯುತ್ತದೆ. ಇದು ಕೆಲವು ಗಂಟೆ ಅಥವಾ ಒಂದೆರಡು ದಿನದಲ್ಲಿ ಬಂದುಬಿಡುತ್ತದೆ.

ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಆಗ ಎರಡರಲ್ಲೊಂದು ನಡೆಯುತ್ತದೆ. ಮೆಡಿಕಲ್‌ನಿಂದ ನಿದ್ದೆ ಮಾತ್ರೆ ಬರುತ್ತದೆ, ಇಲ್ಲವೇ ‘ಕುಲೆಗಳು (ತೀರಿಹೋದವರ ಆತ್ಮಗಳು) ಕರೆಯಲು ಬಂದಿದ್ದಾವೆ, ಇನ್ನೇನೂ ಮಾಡಲಿಕ್ಕಿಲ್ಲ’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ನಂಬಿಕೆ ಅವರವರದು. ಆದರೆ ಸರಿಪಡಿಸಬಹುದಾದ ಕಾರಣವೊಂದು ಕಣ್ಣೆದುರೇ ಇದ್ದು, ರೋಗಿ ರಾತ್ರಿಯಿಡೀ ಒದ್ದಾಡುವಂತಾಗಬಾರದು. ಮೊದಲು ಇಷ್ಟನ್ನು ನೋಡಿ.

1. ಸಕ್ಕರೆ ಮತ್ತು ಜ್ವರ

ಮಧುಮೇಹ ಇದ್ದವರಾದರೆ ಕೂಡಲೇ ಗ್ಲುಕೋಮೀಟರ್ ತೆಗೆಯಿರಿ. ಊಟ ನಾಲ್ಕು ಚಮಚ ಗಂಜಿ ತಿಳಿಗೆ ಇಳಿದಿರುತ್ತದೆ, ಇನ್ಸುಲಿನ್ ಮಾತ್ರ ಹಳೆಯ ಲೆಕ್ಕದಲ್ಲೇ ನಡೆದಿರುತ್ತದೆ. 70ಕ್ಕಿಂತ ಕಡಿಮೆ ಬಂದರೆ, ನುಂಗಲು ಆಗುವಷ್ಟು ಎಚ್ಚರ ಇದ್ದರೆ ಮಾತ್ರ, ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಡಿ. ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ ವೈದ್ಯರಿಗೆ ಫೋನ್ ಮಾಡಿ. ಜ್ವರ ಅಳೆದು ಬರೆದಿಡಿ.

2. ಮೂತ್ರ

ಹೆಚ್ಚಿನವರು ಎಡವುವುದು ಇಲ್ಲೇ. ‘ಡೈಪರ್ ಒದ್ದೆಯಾಗಿದೆ, ಮೂತ್ರ ಸರಿಯಾಗಿ ಹೋಗುತ್ತಿದೆ’ ಎನ್ನುತ್ತಾರೆ. ಮೂತ್ರಕೋಶ ಪೂರ್ತಿ ತುಂಬಿ ಕಟ್ಟಿಕೊಂಡಾಗಲೂ ತುಂಬಿದ್ದು ಉಕ್ಕಿ ಸ್ವಲ್ಪ ಸ್ವಲ್ಪ ಸೋರುತ್ತದೆ, ಡೈಪರ್ ಒದ್ದೆಯಾಗುತ್ತದೆ. ಆದ್ದರಿಂದ ಕೈಯಲ್ಲಿ ಮುಟ್ಟಿಯೇ ನೋಡಬೇಕು. ರೋಗಿಯನ್ನು ಅಂಗಾತ ಮಲಗಿಸಿ, ಹೊಕ್ಕುಳ ಕೆಳಗಿನಿಂದ ಅಡಿಹೊಟ್ಟೆಯವರೆಗೆ ಬೆರಳುಗಳನ್ನು ಚಪ್ಪಟೆಯಾಗಿಟ್ಟು ಮೆಲ್ಲನೆ ಒತ್ತಿ. ಅಲ್ಲಿ ಗಟ್ಟಿಯಾದ ಉಬ್ಬು ಸಿಕ್ಕಿದರೆ, ಒತ್ತಿದಾಗ ಮುಖ ಕಿವುಚಿದರೆ ಅಥವಾ ಕೈ ತಳ್ಳಿದರೆ ಮೂತ್ರ ಕಟ್ಟಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಬೇಕಾದದ್ದು ಕ್ಯಾತಿಟರ್, ಅಂದರೆ ಮೂತ್ರಕೋಶದಿಂದ ಮೂತ್ರ ಹೊರತೆಗೆಯುವ ಟ್ಯೂಬ್. ಎಷ್ಟೋ ಸಲ ಮೂತ್ರ ಹೊರಬಂದ ಅರ್ಧ ಗಂಟೆಯಲ್ಲಿ ರೋಗಿ ಶಾಂತರಾಗುತ್ತಾರೆ.

ಕ್ಯಾತಿಟರ್ ಮೊದಲೇ ಇದ್ದರೆ ಚೀಲದಿಂದ ಹಿಡಿದು ಮೇಲಕ್ಕೆ ಪೂರ್ತಿ ಟ್ಯೂಬನ್ನು ಕಣ್ಣಲ್ಲೇ ಹಿಂಬಾಲಿಸಿ. ಅದು ತೊಡೆಯ ಅಡಿಗೆ ಸಿಕ್ಕಿರುತ್ತದೆ, ಮಡಚಿರುತ್ತದೆ, ಇಲ್ಲವೇ ಯಾರೋ ಚೀಲವನ್ನು ಹಾಸಿಗೆಯ ಮೇಲೆಯೇ ಇಟ್ಟಿರುತ್ತಾರೆ. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೆ ತೂಗುತ್ತಿರಬೇಕು, ನೆಲಕ್ಕೆ ತಾಗಬಾರದು. ನಾಲ್ಕು ಗಂಟೆಯಿಂದ ಒಂದು ಹನಿಯೂ ಬಾರದೆ ಅಡಿಹೊಟ್ಟೆ ಉಬ್ಬಿದ್ದರೆ ಟ್ಯೂಬ್ ಕಟ್ಟಿಕೊಂಡಿದೆ ಎಂದೇ ತಿಳಿಯಿರಿ.

3. ಮಲ

ಕೊನೆಯ ಸಲ ಯಾವಾಗ ಹೋಯಿತು? ಇದಕ್ಕೆ ಮನೆಯ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ; ಕ್ಯಾಲೆಂಡರಿನಲ್ಲಿ ಗುರುತು ಹಾಕುವುದನ್ನು ಇಂದೇ ಶುರು ಮಾಡಿ. ಗಟ್ಟಿ ಮಲ ಕೆಳಗೆ ಅಡ್ಡ ನಿಂತಾಗ ಅದರ ಬದಿಯಿಂದ ನೀರಿನಂತೆ ಸೋರುತ್ತದೆ. ಅದನ್ನು ಭೇದಿ ಎಂದುಕೊಂಡು ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಸ್ಥಿತಿ ಇನ್ನಷ್ಟು ಕೆಡುತ್ತದೆ. ನೋವಿಗೆ ಮಾರ್ಫಿನ್ ತೆಗೆದುಕೊಳ್ಳುವವರಿಗೆ ಮಲಬದ್ಧತೆ ಬಂದೇ ಬರುತ್ತದೆ ಎಂದಿಟ್ಟುಕೊಂಡು, ಮೊದಲ ದಿನದಿಂದಲೇ ಬಿಸಾಕೋಡಿಲ್‌ನಂಥ ಮಾತ್ರೆಯನ್ನು ವೈದ್ಯರಿಂದ ಬರೆಸಿಕೊಳ್ಳಿ. ಇಸಬ್‌ಗೋಲ್ ಬೇಡ. ನೀರು ಕುಡಿಯದವರಲ್ಲಿ ಅದು ಹೊಟ್ಟೆಯೊಳಗೇ ಗಟ್ಟಿಕಟ್ಟುತ್ತದೆ.

4. ಔಷಧದ ಡಬ್ಬಿ

ಇದಕ್ಕೆ ಸಮಯ ಕೊಡಿ. ಕಳೆದ ಒಂದು ವಾರದಲ್ಲಿ ಹೊಸದಾಗಿ ಬಂದದ್ದು, ಪ್ರಮಾಣ ಹೆಚ್ಚಿದ್ದು, ಇದ್ದಕ್ಕಿದ್ದಂತೆ ನಿಂತದ್ದು, ಎಲ್ಲವನ್ನೂ ಮೇಜಿನ ಮೇಲೆ ಹರಡಿ. ತುರಿಕೆಗೆಂದು ತಂದ ಎವಿಲ್, ಕೆಮ್ಮಿನ ಸಿರಪ್, ನರದ ಉರಿಗೆ ಕೊಟ್ಟ ಅಮಿಟ್ರಿಪ್ಟಿಲಿನ್, ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್, ನಿದ್ದೆ ಮಾತ್ರೆ: ಇವೆಲ್ಲವೂ ತಲೆ ಕೆಡಿಸಬಲ್ಲವು. ಡೆಕ್ಸಾಮೆಥಸೋನನ್ನು ಬೆಳಿಗ್ಗೆಯೇ ಕೊಡಬೇಕು. ಸಂಜೆ ಕೊಟ್ಟರೆ ರಾತ್ರಿ ಕಣ್ಣು ಮುಚ್ಚುವುದಿಲ್ಲ.

ಮಾರ್ಫಿನ್ ಒಳ್ಳೆಯ ಔಷಧ, ಅದಕ್ಕೆ ಹೆದರಬೇಕಿಲ್ಲ. ಆದರೆ ಅದರ ಅಂಶಗಳು ಹೊರಹೋಗುವುದು ಕಿಡ್ನಿಯ ಮೂಲಕ. ನೀರು ಕಡಿಮೆಯಾಗಿ ಅಥವಾ ವಾಂತಿ-ಭೇದಿಯಾಗಿ ಕಿಡ್ನಿ ಸೋತರೆ, ನಿನ್ನೆಯವರೆಗೆ ಸರಿಯಿದ್ದ ಪ್ರಮಾಣವೇ ಇಂದು ಹೆಚ್ಚಾಗುತ್ತದೆ. ಗುರುತು ಇವು: ಕೈಕಾಲು ಆಗಾಗ ಪಕ್ಕನೆ ಕುಪ್ಪಳಿಸುವುದು, ವಿಪರೀತ ತೂಕಡಿಕೆ, ಸೂಜಿಮೊನೆಯಷ್ಟು ಸಣ್ಣ ಕಣ್ಣಪಾಪೆ, ಗಾಳಿಯಲ್ಲಿ ಏನನ್ನೋ ಹೆಕ್ಕುವುದು. ಇಷ್ಟು ಕಂಡರೆ ಮುಂದಿನ ಡೋಸ್ ಕೊಡುವ ಮೊದಲು ವೈದ್ಯರನ್ನು ಕೇಳಿ. ನೀವಾಗಿಯೇ ಪೂರ್ತಿ ನಿಲ್ಲಿಸಬೇಡಿ. ನೋವು ಮರುಕಳಿಸುತ್ತದೆ, ನೋವಿನಿಂದಲೂ ಗೊಂದಲ ಬರುತ್ತದೆ. ನೋವಿಗೆಂದು ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪ್ಯಾಚ್ ಇದ್ದರೆ ಹೊಸದನ್ನು ಅಂಟಿಸುವಾಗ ಹಳೆಯದನ್ನು ತೆಗೆದಿದ್ದೀರಾ, ಬೆನ್ನು ತಿರುಗಿಸಿ ನೋಡಿ. ಅದರ ಮೇಲೆ ಬಿಸಿನೀರಿನ ಚೀಲ ಇಡಲೇಬಾರದು. ಶಾಖಕ್ಕೆ ಔಷಧ ಬೇಗ ದೇಹಕ್ಕೆ ಇಳಿಯುತ್ತದೆ.

ಡಬ್ಬಿಯಲ್ಲಿ ಇಲ್ಲದ್ದನ್ನೂ ಕೇಳಿ. ದಿನಾ ಕುಡಿಯುತ್ತಿದ್ದವರಿಗೆ ಮದ್ಯ ನಿಂತ ಎರಡು ಮೂರು ದಿನದಲ್ಲಿ ನಡುಕ, ಬೆವರು, ಭ್ರಮೆ ಬರುತ್ತವೆ. ಬೀಡಿ ಬಿಟ್ಟವರಿಗೆ, ವೀಳ್ಯದ ಜೊತೆ ಹೊಗೆಸೊಪ್ಪು ಹಾಕುತ್ತಿದ್ದ ಅಜ್ಜಿಯಂದಿರಿಗೆ ಕೂಡ ಚಡಪಡಿಕೆ ಆಗುತ್ತದೆ. ಮರ್ಯಾದೆಗೆ ಅಂಜಿ ವೈದ್ಯರಿಂದ ಇದನ್ನು ಮುಚ್ಚಿಡಬೇಡಿ, ಇದರ ಚಿಕಿತ್ಸೆಯೇ ಬೇರೆ.

‘ನರದ ಟಾನಿಕ್’, ‘ಶಕ್ತಿಯ ಇಂಜೆಕ್ಷನ್’ ಎಂದು ಯಾರೋ ಹೇಳಿದ್ದಕ್ಕೆ ದುಡ್ಡು ಸುರಿಯಬೇಡಿ. ಈ ಗೊಂದಲಕ್ಕೆ ಅವುಗಳಿಂದ ಏನೂ ಆಗುವುದಿಲ್ಲ.

5. ಕೋಣೆ ಮತ್ತು ಮಾತು

ಕನ್ನಡಕ, ಶ್ರವಣ ಸಾಧನ ಹಾಕಿ. ರಾತ್ರಿ ಸಣ್ಣ ಬಲ್ಬ್ ಉರಿಯಲಿ, ಮಳೆಗಾಲದಲ್ಲಿ ಕರೆಂಟ್ ಹೋದರೂ ಉರಿಯುವಂಥದ್ದಾಗಿರಲಿ. ಕಾಣುವಲ್ಲಿ ದೊಡ್ಡ ಗಡಿಯಾರ ಇಡಿ. ಕೈ ಕಟ್ಟಬೇಡಿ, ಕಟ್ಟಿದಷ್ಟೂ ಹೋರಾಟ ಹೆಚ್ಚುತ್ತದೆ. ಮಂಚದ ಕಂಬಿ ಕೂಡ ಮೋಸವೇ, ಅದನ್ನು ಹತ್ತಿ ಇಳಿಯಲು ಹೋಗಿ ಇನ್ನೂ ಎತ್ತರದಿಂದ ಬೀಳುತ್ತಾರೆ. ಹಾಸಿಗೆಯನ್ನು ನೆಲಕ್ಕೆ ಇಳಿಸುವುದು ಎಲ್ಲಕ್ಕಿಂತ ಒಳ್ಳೆಯದು.

‘ನಾನು ಯಾರು ಹೇಳಿ ನೋಡುವ?’ ಎಂದು ಬಂದವರೆಲ್ಲ ಪರೀಕ್ಷೆ ಮಾಡುವುದನ್ನು ದಯವಿಟ್ಟು ನಿಲ್ಲಿಸಿ. ‘ಅಪ್ಪಾ, ನಾನು ನಿಮ್ಮ ಮಗಳು. ಈಗ ರಾತ್ರಿ, ನಾವು ಮನೆಯಲ್ಲೇ ಇದ್ದೇವೆ’ ಎಂದು ನೀವೇ ಹೇಳಿ. ತೀರಿಹೋದ ಅಣ್ಣ ಕಾಣುತ್ತಾನೆ ಎಂದರೆ ವಾದ ಬೇಡ. ಹೆದರಿಕೆ ಆಗುತ್ತಿದೆಯಾ ಎಂದು ಕೇಳಿ. ಹೆದರಿಕೆ ಇಲ್ಲದಿದ್ದರೆ ಅದಕ್ಕೆ ಮಾತ್ರೆಯೂ ಬೇಡ. ಗೊಂದಲದಲ್ಲಿರುವವರು ಹೆಚ್ಚಾಗಿ ಹುಟ್ಟುಭಾಷೆಗೆ ಮರಳುತ್ತಾರೆ. ಘಟ್ಟದ ಮೇಲಿಂದ ಬಂದ ಹೋಂ ನರ್ಸ್‌ಗೆ ತುಳು, ಕೊಂಕಣಿ ಬರುವುದಿಲ್ಲ; ಕೊಂಕಣಿಯ ‘ದೂಕ್’ ಅಂದರೆ ನೋವು ಎಂದು ಗೊತ್ತಿರುವುದಿಲ್ಲ. ಇಂಥ ಹತ್ತು ಪದ ಬರೆದು ಗೋಡೆಗೆ ಅಂಟಿಸಿ.

6. ವೈದ್ಯರಿಗೆ ಫೋನ್

ಶುರುವಾದ ಹೊತ್ತು, ಮೂತ್ರ, ಮಲ, ಜ್ವರ, ಸಕ್ಕರೆ, ಔಷಧದ ಬದಲಾವಣೆ: ಇಷ್ಟು ಹೇಳಿ. ಅಗತ್ಯ ಬಿದ್ದರೆ ವೈದ್ಯರು ಭ್ರಮೆ, ಚಡಪಡಿಕೆ ತಗ್ಗಿಸುವ ಹ್ಯಾಲೊಪೆರಿಡಾಲನ್ನು ತೀರಾ ಸಣ್ಣ ಪ್ರಮಾಣದಲ್ಲಿ ಬರೆಯಬಹುದು. ಪಾರ್ಕಿನ್ಸನ್ ಇದ್ದರೆ ಮೊದಲೇ ತಿಳಿಸಿ, ಅವರಿಗೆ ಅದು ಆಗದು. ಆಲ್ಪ್ರಜೋಲಾಂನಂಥ ನಿದ್ದೆ ಮಾತ್ರೆಯನ್ನು ನೀವಾಗಿ ಕೊಟ್ಟರೆ ಗೊಂದಲ ಹೆಚ್ಚುವುದೇ ಜಾಸ್ತಿ. ಇನ್ನೊಂದು ಬಗೆಯೂ ಇದೆ: ಕೂಗಾಟವಿಲ್ಲದೆ, ಕರೆದರೂ ನೋಡದೆ ಮಂಕಾಗಿ ಮಲಗಿಬಿಡುವುದು. ಅದನ್ನು ನೆಮ್ಮದಿ ಎಂದುಕೊಳ್ಳಬೇಡಿ, ಆಗಲೂ ಇದೇ ಪರಿಶೀಲನೆ ಬೇಕು. ಕೊನೆಯ ಕೆಲವು ದಿನಗಳ ಡೆಲಿರಿಯಂ ಏನು ಮಾಡಿದರೂ ತಿರುಗದಿರಬಹುದು. ಆಗ ಶಾಂತವಾಗಿಡುವ ಔಷಧವನ್ನು ಚರ್ಮದಡಿ ಕೊಡುವ ದಾರಿಯಿದೆ, ಮುಜುಗರವಿಲ್ಲದೆ ಕೇಳಿ.

ಫಿಟ್ಸ್ ಬಂದರೆ

ಗೊಂದಲದ ಹೊರತಾಗಿ ಇಂಥ ರೋಗಿಗಳ ಮನೆಯವರು ತಿಳಿದಿರಬೇಕಾದ ತುರ್ತುಗಳು ಇನ್ನೆರಡು; ಇದು ಮೊದಲನೆಯದು. ಮಗ್ಗುಲಾಗಿ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ನೀರು, ಬೆರಳು ಯಾವುದೂ ಬೇಡ. ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಪ್ರಯೋಜನವಿಲ್ಲ. ಐದು ನಿಮಿಷ ದಾಟಿದರೆ ವೈದ್ಯರು ಬರೆದುಕೊಟ್ಟಷ್ಟೇ ಮಿಡಜೋಲಾಂ ಮೂಗಿನ ಸ್ಪ್ರೇ ಹೊಡೆಯಿರಿ. ಅದು ಮನೆಯಲ್ಲಿಲ್ಲದಿದ್ದರೆ 108. ಮೆದುಳಿನಲ್ಲಿ ಗಡ್ಡೆ ಇರುವವರ ಮನೆಯಲ್ಲಿ ಈ ಸ್ಪ್ರೇ ಮೊದಲೇ ತಂದಿಟ್ಟಿರಬೇಕು. ನುಂಗಲು ಆಗುತ್ತಿಲ್ಲ ಎಂದು ಫಿಟ್ಸ್ ಮಾತ್ರೆ ನಿಲ್ಲಿಸುವುದು ದೊಡ್ಡ ತಪ್ಪು. ಬೇರೆ ದಾರಿಯಲ್ಲಿ ಕೊಡಲು ಬರುತ್ತದೆ, ಮಾತ್ರೆ ತಪ್ಪಿದ ದಿನವೇ ಕೇಳಿ.

ಕಾಲು ಸೋತರೆ

ಕ್ಯಾನ್ಸರ್ ಇರುವವರಿಗೆ ಹೊಸದಾಗಿ ಬೆನ್ನುನೋವು ಬಂದು, ಅದು ಮಲಗಿದಾಗ, ಕೆಮ್ಮಿದಾಗ ಹೆಚ್ಚಾಗಿ, ಎದೆ ಅಥವಾ ಹೊಟ್ಟೆಯ ಸುತ್ತ ಬಿಗಿದಂತಾಗಿ, ಕಾಲಿನ ಬಲ ಕುಂದಿದರೆ ಅದನ್ನು ‘ನಿಶ್ಶಕ್ತಿ’ ಎಂದು ಬಿಡಬೇಡಿ. ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿರಬಹುದು. ಇನ್ನೂ ನಡೆಯುತ್ತಿರುವಾಗಲೇ ಚಿಕಿತ್ಸೆ ಸಿಕ್ಕಿದವರಿಗೆ ಮುಂದೆಯೂ ನಡೆಯುವ ಅವಕಾಶ ಹೆಚ್ಚು. ಕಾಲು ಪೂರ್ತಿ ಬಿದ್ದ ಮೇಲೆ ಬಲ ಮರಳುವುದು ಅಪರೂಪ. ಆದ್ದರಿಂದ ನಾಳೆಗೆ ಕಾಯದೆ ಅದೇ ದಿನ ನೋಡುತ್ತಿರುವ ವೈದ್ಯರಿಗೆ ತಿಳಿಸಿ, ಎಂಆರ್‌ಐ ಮತ್ತು ರೇಡಿಯೇಷನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ರಿಕ್ಷಾದಲ್ಲಿ ಕುಳ್ಳಿರಿಸಿಕೊಂಡು ಹೋಗಬೇಡಿ, ಆಂಬುಲೆನ್ಸ್‌ನಲ್ಲಿ ಬೆನ್ನು ಬಾಗದಂತೆ ಚಪ್ಪಟೆಯಾಗಿ ಮಲಗಿಸಿ ಒಯ್ಯಿರಿ.